ಸೋಮವಾರ ಒಳಬಂದ ಹನ್ನೊಂದು

ಈ ಕಥೆಯನ್ನು ನನಗೆ ಹೇಳಿದವರು ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕುಳಿತಿದ್ದ ಜಯವ್ವನವರು. ಹಲಗೇರಿಯಲ್ಲಿ ಹೇಳುವಾಗ ಸೋಮವಾರದ ಬದಲು ಗುರುವಾರ ಬರುತ್ತದೆ, ಉಳಿದದ್ದು ಒಂದೇ.

ಕುಪ್ಪೇಲೂರಿನ ಹೊಳಿಯವ್ವನ ಮನೆಯಲ್ಲಿ ಒಂದು ನಡಾವಳಿ: ಸೋಮವಾರ ಬಾಗಿಲಿಗೆ ಬಂದು ಕೇಳಿದವರಿಗೆ ‘ಇಲ್ಲ’ ಎನ್ನಬಾರದು. ಆಕೆಯ ಸೊಸೆ ಅರುಣಾಳಿಗೆ ಅಂಥದೇ ಒಂದು ಸೋಮವಾರ ನಾಲ್ಕು ಗಂಟೆಗೆ, ರಾಣೇಬೆನ್ನೂರಿನ ಶಾಲೆಯೊಂದರ ಗ್ರಂಥಪಾಲಕಿ ಕೆಲಸಕ್ಕೆ ಕಂಪ್ಯೂಟರಿನಲ್ಲೇ ಸಂದರ್ಶನವಿತ್ತು. ಮೂರಕ್ಕೆ ಬ್ರೌಸರ್ ತೆರೆದರೆ ತೂಕ ಇಳಿಸುವ ಎಣ್ಣೆ, ಲಾಟರಿ, ವೈರಸ್ ಹೊಕ್ಕಿದೆಯೆಂಬ ಸುಳ್ಳು ಎಚ್ಚರಿಕೆ ಎಲ್ಲವೂ ಒಂದರ ಮೇಲೊಂದು ಎದ್ದು ಪರದೆಯನ್ನೇ ಮುಚ್ಚಿದವು.

ಅರುಣಾ ತಂತ್ರಾಂಶಗಳ ಪಟ್ಟಿ ತೆಗೆದಳು. ಗುರುತಿಲ್ಲದ ಹೆಸರುಗಳು ಹನ್ನೊಂದಿದ್ದವು. ಅವು ಸೇರಿಕೊಂಡ ತಾರೀಖುಗಳನ್ನು ಗೋಡೆಯ ಕ್ಯಾಲೆಂಡರಿನೊಡನೆ ಹೋಲಿಸಿದಳು. ಹನ್ನೊಂದೂ ಸೋಮವಾರ, ಹೊಳಿಯವ್ವ ಆ ಕಂಪ್ಯೂಟರಿನಲ್ಲಿ ಭಜನೆ ನೋಡುವ ದಿನ.

“ಅತ್ತಿ, ಸೋಮವಾರ ಭಜನಿ ನೋಡೂ ಮುಂದ ಏನರ ಒತ್ತೀರೇನ್ರಿ?”

“ಒತ್ತಲಾರದ ಏನ್ ಮಾಡ್ಲಿ? ಒಳಗ ಬರ್ಲೇನು ಅಂತ ಕೇಳ್ತಾವ. ಹೌದು ಅಂತೇನಿ. ಬುಧವಾರ ಬಂದಾವ್ನ ಒಂದೂ ಒಳಗ ಬಿಟ್ಟಿಲ್ಲ, ಬೇಕಾರ ನೋಡು.”

“ಬಂದಾವು ಮನಿ ತುಂಬ ಕುಂತಾವ್ರಿ. ಈಗ ಹೊರಗ ಹಾಕ್ತೀನಿ.”

“ಇವತ್ತ ಸೋಮವಾರ. ಇಲ್ಲ ಅನ್ನಂಗಿಲ್ಲ,” ಎಂದು ಹೊಳಿಯವ್ವ ಮೌಸನ್ನು ಹಿಡಿದುಕೊಂಡಳು.

ಗಂಟೆ ಮೂರೂವರೆಯಾಗಿತ್ತು. ಅರುಣಾ ಅತ್ತೆಯ ಮಾತು ಮೀರುವವಳಲ್ಲ. ಕೆಲಸ ಬಿಟ್ಟುಕೊಡುವವಳೂ ಅಲ್ಲ.

“ಮೊದಲನೇ ಹೆಸರಿನ ಮ್ಯಾಲ ನೀವ ಒತ್ರಿ. ಅದು ಏನ್ ಕೇಳತೈತಿ ಓದ್ರಿ.”

ಪರದೆ ಕೇಳಿತು: ‘ಇದನ್ನು ತೆಗೆದುಹಾಕಬೇಕೆ?’

ಹೊಳಿಯವ್ವ ಕನ್ನಡಕ ಸರಿಪಡಿಸಿಕೊಂಡು ಎರಡು ಸಲ ಓದಿದಳು. “ಹೋಗ್ಲೇನು ಅಂತ ತಾನ ಕೇಳಾಕತ್ತೈತಲ್ಲ.”

“ಇಲ್ಲ ಅಂದ್ರ ನಡಾವಳಿ ಮುರದಂಗ್ರಿ.”

“ಮುರಿಯೂದು ಯಾಕ,” ಎಂದು ಆಕೆ ಹನ್ನೊಂದಕ್ಕೂ ‘ಹೌದು’ ಒತ್ತಿದಳು. ಕೊನೆಯದು ಮಾತ್ರ ‘ಖಂಡಿತವೆ?’ ಎಂದು ಮತ್ತೊಮ್ಮೆ ಅಂಗಲಾಚಿತು. “ಖರೇನ ಹೌದಪಾ, ನಡಿ.” ಬ್ರೌಸರಿನಲ್ಲಿ ಅಂಥವಕ್ಕೆ ಕೊಟ್ಟಿದ್ದ ಅನುಮತಿಗಳನ್ನೂ ಅರುಣಾ ಅಳಿಸಿದಳು.

ನಾಲ್ಕಕ್ಕೆ ಪರದೆ ತಿಳಿಯಾಗಿತ್ತು. ಸಂದರ್ಶನದ ಕೊನೆಗೆ ಮುಖ್ಯೋಪಾಧ್ಯಾಯಿನಿ ಸುಧಾರಾಣಿ ಕೇಳಿದರು: “ನಮ್ಮ ಗ್ರಂಥಾಲಯದ ಕಂಪ್ಯೂಟರಿನಾಗೂ ಸುಮ್ಮಸುಮ್ಮನ ಜಾಹೀರಾತು ಏಳ್ತಾವ. ಏನ್ ಮಾಡ್ತೀರಿ?”

“ಮೊದಲ ತಾರೀಖು ನೋಡ್ತೀನ್ರಿ. ಆಮ್ಯಾಲ ಆವತ್ತ ಯಾರು ಕುಂತಿದ್ರು ಅಂತ ಕೇಳ್ತೀನ್ರಿ.”

“ಅವರನ್ನ ಬೈಬ್ಯಾಡ ಮತ್ತ,” ಎಂದಿತು ಹಿಂದಿನಿಂದ ಹೊಳಿಯವ್ವನ ದನಿ.

ಸುಧಾರಾಣಿ ನಕ್ಕುಬಿಟ್ಟರು. ಕೆಲಸ ಅರುಣಾಳಿಗೇ ಆಯಿತು. ನಡಾವಳಿ ಆ ಮನೆಯಲ್ಲಿ ಈಗಲೂ ಇದೆ. ಹೊಳಿಯವ್ವ ಭಜನೆಯನ್ನು ಮಾತ್ರ ಮಂಗಳವಾರಕ್ಕೆ ಬದಲಿಸಿಕೊಂಡಿದ್ದಾಳೆ.