ಇನ್ನೊಂದು ಗೇಣು

ಗಿಡ ಮಾರುವವರಲ್ಲಿ ಅಕ್ಕನಂಥ ಕಿಲಾಡಿ ಇನ್ನೊಬ್ಬಳಿರಲಿಲ್ಲ. ಅವಳ ಅಂಗಡಿಯಲ್ಲಿ ಬಳ್ಳಿಗಳದ್ದೇ ಕಾರುಬಾರು, ಕೊಳ್ಳುವವರೋ ಉದ್ದ ನೋಡಿ ಮರುಳಾಗುವವರು. ಬಳ್ಳಿ ಏನು ಸಿಕ್ಕರೆ ಅದಕ್ಕೆ ತಕ್ಕ ಹಾಗೆ ಬೆಳೆಯುತ್ತದೆ. ತಂತಿ ಸಿಕ್ಕರೆ ಕುಡಿ ಬಿಗಿಯಾಗಿ ಸುತ್ತಿಕೊಳ್ಳುತ್ತದೆ, ಕೋಲು ಸಿಕ್ಕರೆ ಸುತ್ತು ಅಗಲ ಮಾಡುತ್ತದೆ. ಹಿಡಿತ ಸಿಕ್ಕಿದ ಮೇಲೆ ಓಟ ನಿಲ್ಲಿಸಿ ಕಾಂಡ ದಪ್ಪ ಮಾಡಿಕೊಳ್ಳುತ್ತದೆ. ಏನೂ ಸಿಗದಿದ್ದರೆ, ಪಾಪ, ಹುಡುಕುತ್ತಾ ಚಾಚುತ್ತಲೇ ಇರುತ್ತದೆ. ಅಕ್ಕನ ಗುಟ್ಟು ಇಷ್ಟೇ: ಕುಡಿ ಇನ್ನೇನು ಕೋಲು ಮುಟ್ಟಬೇಕು ಅನ್ನುವಾಗ ಕೋಲು ಕಿತ್ತು ಒಂದು ಗೇಣು ಆಚೆ ನೆಡುವುದು. ಹೀಗೆ ವಾರಗಟ್ಟಲೆ ಆಟ ಆಡಿಸಿ, ಮಾರುವ ದಿನ ದಾರದಲ್ಲಿ ಕಟ್ಟಿಬಿಟ್ಟರೆ ಆಳುದ್ದದ ಬಳ್ಳಿ. ಕೊಂಡವರ ಮನೆಯಲ್ಲಿ ಅದು ಒಣಗಿದರೆ ಅಕ್ಕನ ಗಂಟೇನು ಹೋಗಬೇಕು?

ಕೋಲು ಕೀಳುವ ಕೆಲಸ ತಂಗಿಯದು. ತಂದೆತಾಯಿ ಹೋದ ಮೇಲೆ ಅವಳಿಗೆ ಅಕ್ಕನೇ ಗತಿ, ಗೊಬ್ಬರದ ಕೋಣೆಯೇ ಮಲಗುವ ಜಾಗ. ಗಿಡ ಸಾಗಿಸುವ ವ್ಯಾನಿನವನು ಅವಳನ್ನು ಮದುವೆಯಾಗುತ್ತೇನೆಂದು ಅಕ್ಕನ ಎದುರೇ ಕೇಳಿದ್ದ. ಕುಂಡ ಇಳಿಸುವಾಗ ಅವಳ ಕಡೆಯ ಭಾರವನ್ನೂ ತನ್ನತ್ತಲೇ ಎಳೆದುಕೊಳ್ಳುವಂಥ ಮನುಷ್ಯ. ತಂಗಿಗೆ ಅವನನ್ನು ಬಿಟ್ಟರೆ ಬೇರೆ ಆಸೆಯೇ ಇರಲಿಲ್ಲ.

"ಮಾಡೋಣ ಕಣೇ, ನಾನೇನು ಬೇಡ ಅಂದ್ನಾ? ಈ ಹೂವಿನ ಕಾಲ ಒಂದು ಮುಗೀಲಿ," ಎಂದಳು ಅಕ್ಕ. ಹೂವಿನ ಕಾಲ ಮುಗಿಯಿತು. "ಹಿಂದಿನ ಚಪ್ಪರ ಒಂದು ಆಗ್ಲಿ." ಚಪ್ಪರವೂ ಆಯಿತು. "ಕೆಲಸಕ್ಕೆ ಇನ್ನೊಬ್ಬಳು ಸಿಗ್ಲಿ, ನಾನೊಬ್ಬಳೇ ಹೇಗೆ ಸಾಯ್ಲಿ?" ತಂಗಿ ತಲೆಯಾಡಿಸಿ ಮೊದಲಿಗಿಂತ ಹೆಚ್ಚು ದುಡಿದಳು. ದಿನಾ ತನ್ನ ಕೈಯಾರೆ ಕೋಲು ಸರಿಸುವವಳಿಗೇ ಇದು ಹೊಳೆಯಲಿಲ್ಲವಲ್ಲ, ಏನು ಹೇಳೋಣ!

ಮೂರು ವಾರ ವ್ಯಾನೇ ಬರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ವ್ಯಾನಿನಲ್ಲಿ ಹೊಸಬ ಬಂದ.

"ಹಳಬ ಎಲ್ಲಿ?" ಎಂದಳು ತಂಗಿ.

"ಮದುವೆಯಾಗಿ ಬೇರೆ ಕಡೆ ಹೋದನಲ್ಲಮ್ಮ. ನೀವೇ ಬೇಡ ಅಂದ್ರಂತೆ? ನಿಮ್ಮಕ್ಕ ಹೇಳಿ ಕಳಿಸಿದ್ರಂತೆ, ಅವಳಿಗೆ ಮನಸ್ಸಿಲ್ಲ, ಕಾಯಬೇಡ ಅಂತ."

ತಂಗಿ ಅಕ್ಕನ ಮುಂದೆ ಹೋಗಿ ನಿಂತಳು. ಅಕ್ಕ ಬಳ್ಳಿ ಕಟ್ಟುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ.

"ಹೂಂ, ಹೇಳ್ದೆ. ಹಿಡ್ಕೊಳ್ಳೋಕೆ ಒಂದು ಸಿಕ್ಬಿಟ್ರೆ ನೀನು ಅಲ್ಲೇ ನಿಂತುಬಿಡ್ತಿದ್ದೆ. ಇಲ್ಲಿ ದುಡಿಯೋರು ಯಾರೇ?" ಎಂದು ನಕ್ಕಳು. "ಹೋಗು, ಆ ಮೂಲೆಯ ಕೋಲೆಲ್ಲ ಸರಿಸು."

ತಂಗಿ ಮೂಲೆಗೆ ಹೋದಳು. ಒಂದೊಂದೇ ಕೋಲು ಕಿತ್ತು ಒಂದು ಗೇಣು ಆಚೆ ನೆಟ್ಟಳು.

ಮಳೆಗಾಲದಲ್ಲಿ ಅಕ್ಕ ಚಪ್ಪರದಡಿ ಪಾಚಿಯ ಮೇಲೆ ಜಾರಿಬಿದ್ದು ಸೊಂಟ ಮುರಿದುಕೊಂಡಳು. ಡಾಕ್ಟರು ಮೂಳೆ ಕೂಡಿಸಿ ಮನೆಗೆ ಕಳಿಸಿದರು. "ದಿನಾ ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕಬೇಕು. ಇಲ್ಲದಿದ್ರೆ ಕಾಲು ಬಿದ್ದೇಹೋಗುತ್ತೆ, ಆಮೇಲೆ ಹಾಸಿಗೇನೇ ಗತಿ," ಎಂದು ತಂಗಿಗೆ ಎರಡೆರಡು ಸಲ ಹೇಳಿದರು.

ತಂಗಿ ಅಕ್ಕನ ಮೈ ಒರೆಸಿದಳು, ತಲೆ ಬಾಚಿದಳು, ತುತ್ತು ಮಾಡಿ ಉಣ್ಣಿಸಿದಳು. ಅಕ್ಕಪಕ್ಕದವರು ಚಿನ್ನದಂಥ ತಂಗಿ ಎಂದು ಹೊಗಳಿದರು. ಕೋಲನ್ನು ಅವಳು ಮಂಚದ ಪಕ್ಕದ ಕುರ್ಚಿಗೆ ಒರಗಿಸಿಟ್ಟಳು.

"ನಿನ್ನೆ ಹತ್ತಿರ ಇತ್ತಲ್ಲೇ ಕುರ್ಚಿ? ಇತ್ತ ಎಳಿ."

"ಎಳೀತೀನಿ ಅಕ್ಕ, ನಾನೇನು ಬೇಡ ಅಂದ್ನಾ? ಗಿಡಕ್ಕೆ ನೀರು ಹಾಕಿ ಬಂದ್ಬಿಡ್ತೀನಿ."

ನೀರು ಹಾಕಿದ ಮೇಲೆ ಗೊಬ್ಬರ, ಗೊಬ್ಬರದ ಮೇಲೆ ಗಿರಾಕಿ. ಅಂಗಡಿಯಲ್ಲಿ ಈಗ ತಂಗಿ ಒಂದು ಕೋಲನ್ನೂ ಕೀಳುತ್ತಿರಲಿಲ್ಲ. ಬಳ್ಳಿಗಳು ಸಿಕ್ಕಿದ್ದನ್ನು ಹಿಡಿದು, ಗಿಡ್ಡಗಿದ್ದರೂ ಗಟ್ಟಿಯಾಗಿ ಎಲೆ ತುಂಬಿಕೊಂಡಿದ್ದವು. ಒಳಗೆ ಅಕ್ಕನ ಕಾಲು ಒಣಗುತ್ತಾ ಬಂತು.

ಕೊನೆಗೊಂದು ದಿನ ಅಕ್ಕ ಹಲ್ಲು ಕಚ್ಚಿಕೊಂಡು ಮಂಚದ ಅಂಚಿನವರೆಗೆ ತೆವಳಿದಳು. ತೋಳು ಪೂರ್ತಿ ಚಾಚಿದಳು. ಬೆರಳು ಇನ್ನೇನು ಕೋಲು ಮುಟ್ಟಬೇಕು, ಅಷ್ಟರಲ್ಲಿ ತಂಗಿ ಬಂದು ಕುರ್ಚಿಯನ್ನು ಹಿಂದಕ್ಕೆಳೆದಳು.

"ಇನ್ನೊಂದು ಗೇಣು, ಅಕ್ಕ," ಎಂದಳು.

ಅಕ್ಕ ಅವಳ ಮುಖ ನೋಡಿದಳು. ಎಲ್ಲ ಅರ್ಥವಾಗಿ, "ಅಯ್ಯೋ, ಬೇಡ ಕಣೇ, ನಿನ್ನ ಕಾಲಿಗೆ ಬೀಳ್ತೀನಿ," ಎಂದು ಗೋಳೋ ಎಂದು ಅತ್ತಳು. ಅಳುತ್ತಲೇ ಅವಳ ಕೈ ಗಾಳಿಯಲ್ಲಿ ಕೋಲಿಗಾಗಿ ತಡಕಾಡುತ್ತಿತ್ತು. ತಂಗಿ ಸ್ವಲ್ಪ ಹೊತ್ತು ನಿಂತು ನೋಡಿದಳು. ಅವಳಿಗೆ ಪಾಪ ಅನ್ನಿಸಲಿಲ್ಲ.