ಪ್ರೇಮಮ್ಮ ಕಟ್ಟಿದ ಮ್ಯಾಂಟಲ್

ಸಿದ್ದಯ್ಯನವರು ಬರಿಗೈಯಲ್ಲಿ ನಡೆಯುವಾಗಲೂ ಬಲಗೈಯನ್ನು ಮೈಯಿಂದ ಒಂದು ಗೇಣು ದೂರ ಹಿಡಿದು, ನೆಲಕ್ಕೆ ನೋವಾದೀತೆಂಬಂತೆ ಹೆಜ್ಜೆಯೂರುತ್ತಾರೆ. ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಫಿಟ್ಟರ್ ಆಗಿ ಕಬ್ಬಿಣದೊಡನೆ ಗುದ್ದಾಡಿದ ಮನುಷ್ಯನಿಗೆ ಈ ನಾಜೂಕು ಎಲ್ಲಿಂದ ಬಂತೆಂದು ಹೊಸಬರು ಬೆರಗಾಗುತ್ತಾರೆ. ಕ್ವಾರ್ಟರ್ಸಿನಲ್ಲಿ ಅವರ ಪಕ್ಕದ ಮನೆಯವನಾಗಿದ್ದ ನನಗೆ ಕಾರಣ ಗೊತ್ತು: ಅವರ ಬಳಿ ನಲವತ್ತಮೂರು ಹಳೆಯ ಗ್ಯಾಸ್‌ಲೈಟುಗಳೂ ಲಾಟೀನುಗಳೂ ಇವೆ.

ಗುಜರಿಯಿಂದ ಬಂದ ಅನಾಥ ದೀಪದ ಹಿತ್ತಾಳೆ ಹೊಟ್ಟೆಯನ್ನು ಹುಣಸೆಹುಳಿಯಲ್ಲಿ ತಿಕ್ಕಿ, ಪಂಪಿನ ತೊಗಲು ವಾಷರನ್ನು ಹರಳೆಣ್ಣೆಯಲ್ಲಿ ನೆನೆಸಿ, ಹಚ್ಚಿ, ಕಣ್ಣು ಮುಚ್ಚಿ ಕೂತರೆಂದರೆ, ಕಂಪನಿಯ ಮುದ್ರೆ ಪೂರಾ ಸವೆದಿದ್ದರೂ ಅದರ ಭುಸುಗುಟ್ಟುವಿಕೆಯನ್ನು ಆಲಿಸಿಯೇ ಜರ್ಮನಿಯದೋ ಸ್ವೀಡನ್ನಿನದೋ ಎಂದು ಕುಲಗೋತ್ರ ಹೇಳಿಬಿಡುತ್ತಾರೆ. ಎಲ್ಲವನ್ನೂ ಪೆಟ್ರೋಮ್ಯಾಕ್ಸ್ ಎಂದವರಿಗೆ ಗ್ರಹಚಾರ ಬಿಡಿಸುತ್ತಾರೆ. “ಅದೊಂದು ಕಂಪನಿ ಹೆಸ್ರು ಮಾರಾಯ. ಎಲ್ಲಾ ದನಾನೂ ಗೌರಿ ಅಂತ ಕರೀತೀಯಾ?”

ಇಷ್ಟು ಬಲ್ಲವರಿಗೆ ಒಂದು ವಿದ್ಯೆ ಮಾತ್ರ ಒಲಿಯಲಿಲ್ಲ. ದೀಪದೊಳಗೆ ಬೆಳಗುವ ಮ್ಯಾಂಟಲ್ ಎಂಬ ಪುಟ್ಟ ಬಟ್ಟೆಚೀಲದ ದಾರವನ್ನು, ಸುತ್ತಲೂ ನೆರಿಗೆ ಸಮನಾಗಿ ಕೂರುವಂತೆ ಬಿಗಿಯಬೇಕು. ಅವರ ದಪ್ಪ ಬೆರಳುಗಳಿಗೆ ಅದು ಒಗ್ಗಲೇ ಇಲ್ಲ. ಕಟ್ಟುತ್ತಿದ್ದವರು ಹೆಂಡತಿ ಪ್ರೇಮಮ್ಮ. “ಇವ್ರ ದೊಡ್ಡಸ್ತಿಕೆ ಎಲ್ಲಾ ನನ್ನ ಒಂದು ಗಂಟಿನ ಮೇಲೆ ನಿಂತಿದೆ,” ಎಂದು ನನ್ನೆದುರೇ ಛೇಡಿಸುತ್ತಿದ್ದರು. ಒಮ್ಮೆ ಉರಿದ ಮ್ಯಾಂಟಲ್ ಬರೀ ಬೂದಿ, ಆಕಾರವಷ್ಟೇ ಉಳಿದಿರುತ್ತದೆ; ಅಲುಗದಿದ್ದರೆ ಮತ್ತೆ ಮತ್ತೆ ಬೆಳಗೀತು, ಕುಲುಕಿದರೆ ಉದುರೀತು. ಮೂರು ವರ್ಷದ ಹಿಂದೆ ಪ್ರೇಮಮ್ಮ ತೀರಿಕೊಂಡಾಗ, ಅವರು ಕಟ್ಟಿದ ಕೊನೆಯ ಮ್ಯಾಂಟಲ್ ಒಂದು ಜರ್ಮನ್ ದೀಪದಲ್ಲಿತ್ತು. ಸಿದ್ದಯ್ಯನವರು ಆ ದೀಪವನ್ನು ಮತ್ತೆ ಹಚ್ಚಲಿಲ್ಲ, ಯಾರಿಗೂ ಮುಟ್ಟಗೊಡಲಿಲ್ಲ.

ಕಳೆದ ಮಾಘದಲ್ಲಿ ಕ್ವಾರ್ಟರ್ಸ್ ಬಿಡುವ ದಿನ ಬಂತು. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಗಂಡಹೆಂಡತಿ ಸೇರಿ ಪಾಯ ಹಾಕಿಸಿ, ಕೊನೆಗೆ ಸಿದ್ದಯ್ಯನವರೊಬ್ಬರೇ ಮುಗಿಸಿದ ಮನೆಗೆ ಹೋಗಬೇಕು. ನಲವತ್ತೆರಡು ದೀಪಗಳು ಹುಲ್ಲಿನಲ್ಲಿ ಹುದುಗಿ ಟೆಂಪೋ ಏರಿದವು. ಜರ್ಮನ್ ದೀಪವನ್ನು ಏರಿಸಲು ಅವರು ಒಪ್ಪಲಿಲ್ಲ.

“ನಾನು ಇದನ್ನ ಹಿಡ್ಕೊಂಡು ನಡ್ಕೊಂಡೇ ಬರ್ತೀನಿ.”

“ಇಪ್ಪತ್ತು ಕಿಲೋಮೀಟ್ರು, ಸಿದ್ದಯ್ಯನವ್ರೇ!”

“ಗೊತ್ತು.”

ಮುದುಕರಿಗೆ ತಲೆ ಕೆಟ್ಟಿದೆ ಎಂದು ಗೊಣಗುತ್ತಲೇ ನಾನೂ ಹಿಂದೆ ಹೊರಟೆ. ಮಾಚೇನಹಳ್ಳಿ ದಾಟಿತು, ಮಲವಗೊಪ್ಪ ದಾಟಿತು, ಬಿಸಿಲೇರಿತು; ಕೈ ಬದಲಿಸಲೂ ಅವರು ನನಗೆ ದೀಪ ಕೊಡಲಿಲ್ಲ. ತುಂಗೆಯ ಸೇತುವೆಯ ಮೇಲೆ ಲಾರಿಯೊಂದು ಹಾದು ಕಾಲಡಿ ಅದುರಿದಾಗ, ನಿಂತಲ್ಲೇ ಮೊಣಕಾಲು ಸಡಿಲಿಸಿ ಆ ನಡುಕವನ್ನೆಲ್ಲ ತಮ್ಮ ಮೈಯೊಳಗೇ ಇಂಗಿಸಿಕೊಂಡರು. ಗಾಜಿನೊಳಗೆ ಮ್ಯಾಂಟಲ್ ಹಾಗೇ ಇತ್ತು.

ಮಧ್ಯಾಹ್ನ ಬಲಗಾಲಿಟ್ಟು ಹೊಸ್ತಿಲು ದಾಟಿ, ಪಡಸಾಲೆಯಲ್ಲಿ ದೀಪವನ್ನು ಇಳಿಸಿದರು. ಬುಡ ನೆಲಕ್ಕೆ ತಾಗಿದ ಸದ್ದೂ ನನಗೆ ಕೇಳಲಿಲ್ಲ. ಆದರೂ ಮ್ಯಾಂಟಲ್ ಒಂದು ಚಿಟಿಕೆ ಬಿಳಿ ಪುಡಿಯಾಗಿ ಉದುರಿಹೋಯಿತು. ನನಗೆ ಅಳುವೇ ಬಂತು. ಅವರು ಮಾತ್ರ ಕಾರ್ಖಾನೆಯ ಖಾಕಿ ಕೋಟಿನ ಜೇಬಿನಿಂದ ಹೊಸ ಮ್ಯಾಂಟಲಿನ ಪೊಟ್ಟಣ ತೆಗೆದರು.

“ಉದುರುತ್ತೆ ಅಂತ ಗೊತ್ತಿತ್ತಾ?”

“ಮೂರು ವರ್ಷದ ಬೂದಿ, ಉದುರ್ದೆ ಇನ್ನೇನು.”

“ಮತ್ತೆ ನಡೆದಿದ್ದು ಯಾಕೆ?”

“ಹೊಸ ಮನೆಗೆ ಜೊತೇಲೇ ಹೋಗೋಣ ಅಂದಿದ್ದೆ ಮಾರಾಯ ಅವಳಿಗೆ,” ಎಂದರು. “ಹೊಸ್ತಿಲು ದಾಟ್ಸಿದೆ.”

ಆಮೇಲೆ ಆ ಬೆರಳುಗಳಲ್ಲೇ ದಾರ ಹಿಡಿದರು. ನಾಲ್ಕನೆಯ ಸಲಕ್ಕೆ ಗಂಟು ನಿಂತಿತು, ನೆರಿಗೆ ಸೊಟ್ಟಗಿತ್ತು. ನಡುಹಗಲಿನಲ್ಲೇ ಪಂಪು ಹೊಡೆದು ಹಚ್ಚಿದರು.

ಹಳೆಯದನ್ನು ಕೂಡಿಡುವವರನ್ನು, ಕಳೆದ ಕಾಲಕ್ಕೆ ಜೋತುಬಿದ್ದವರೆಂದು ನಾವು ಹಗುರಾಗಿ ಆಡಿಕೊಳ್ಳುತ್ತೇವೆ. ಯಾವುದೂ ಉಳಿಯದೆಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ದಿನವೂ ತುಕ್ಕು ತಿಕ್ಕಿ, ಬೂದಿ ಒರೆಸುವವರು ಅವರೇ ತಾನೆ? ಎಲ್ಲಿಯವರೆಗೆ ಬರುತ್ತೇನೆಂದು ಮಾತು ಕೊಟ್ಟಿರುತ್ತಾರೋ, ಅಲ್ಲಿಯವರೆಗೆ ಅವರು ಕೈಬಿಡದೆ ನಡೆಯುತ್ತಾರೆ.