ಮುಷ್ಟಿ ಡಬ್ಬಿಯ ಅಕ್ಕಿ

ನಮ್ಮ ಸಭೆಯವರ ಮನೆಗಳಲ್ಲಿ ಒಲೆಯ ಪಕ್ಕ ಒಂದು ಡಬ್ಬಿ ಇರುತ್ತದೆ. ಅನ್ನಕ್ಕೆ ಅಕ್ಕಿ ಅಳೆದುಕೊಂಡ ಮೇಲೆ, ತೊಳೆಯುವ ಮೊದಲು, ಅದರಿಂದಲೇ ಒಂದು ಮುಷ್ಟಿ ತೆಗೆದು ಡಬ್ಬಿಗೆ ಹಾಕಬೇಕು. ಜೋಳವಾದರೆ ಗಿರಣಿಗೆ ಕಳಿಸುವ ಮೊದಲು. ಅದು ದೇವರ ಪಾಲು. ತಿಂಗಳ ಮೊದಲ ರವಿವಾರ ಹೆಂಗಸರು ಅದನ್ನು ಸಣ್ಣ ಚೀಲಗಳಲ್ಲಿ ಚರ್ಚಿಗೆ ತರುತ್ತಾರೆ. ಅಕ್ಕಿ, ಗೋಧಿ, ಜೋಳ ಎಲ್ಲವೂ ಒಂದೇ ಗೋಣಿಗೆ ಬೀಳುತ್ತದೆ. ಸೋಮವಾರ ಆ ಗೋಣಿ ಮಿರಜ ಮಾರ್ಕೆಟ್ಟಿನಲ್ಲಿರುವ ಗುರುಸಿದ್ಧಪ್ಪನವರ ಕಾಳಿನ ಅಂಗಡಿಗೆ ಹೋಗುತ್ತದೆ. ಬಂದ ಹಣ ಬಡವರ ನಿಧಿಗೆ.

ಆಗಸ್ಟಿನ ಮೊದಲ ರವಿವಾರ, ಆರಾಧನೆ ಮುಗಿದ ಮೇಲೆ, ಖಜಾಂಚಿ ತಾತ್ಯಾಸಾಹೇಬರು ಎದ್ದು ನಿಂತು ಈ ಡಬ್ಬಿ ಇನ್ನು ಸಾಕು ಅಂದರು.

“ಗೋಣಿ ಹೊರಾಕ ಒಬ್ಬ, ರಿಕ್ಷಾಕ್ಕ ಎಂಬತ್ತು ರೂಪಾಯಿ, ಇಲಿ ಕಾಟ ಬ್ಯಾರೆ. ಗೋಡೆಗೆ ಒಂದ ಕ್ಯೂಆರ್ ಕೋಡ್ ಹಚ್ಚೂಣು. ಮನಿಗೆ ಐವತ್ತು ರೂಪಾಯಿ ಫೋನಿನ್ಯಾಗ ಒತ್ತಿದ್ರ ಆತು.”

ಹಿಂದಿನ ಸಾಲಿನಿಂದ ಬಾಳವ್ವ ಎದ್ದಳು. ಎಪ್ಪತ್ತರ ವಿಧವೆ, ಖಂಡೇರಾಜುರಿಯಿಂದ ಬಸ್ಸು ಹಿಡಿದು ಬರುತ್ತಾಳೆ.

“ತಾತ್ಯಾ, ನನ್ನ ಕಡೆ ಫೋನ್ ಇಲ್ಲ. ರೊಕ್ಕ ಮಗನ ಕೈಯಾಗ. ಬಸ್ಸಿನ ಚಿಲ್ಲರ ಸುದ್ದಾ ಅವನ ಎಣಿಸಿ ಕೊಡತಾನ. ನನ್ನ ಕೈಯಾಗ ಇರೂದು ಒಲಿ ಒಂದ. ಡಬ್ಬಿ ತಗದ್ರ ನಾ ಏನ ಕೊಡ್ಲಿ?”

“ನೀವು ಪ್ರಾರ್ಥನಾ ಮಾಡ್ರಿ ಬಾಳವ್ವಾ. ಅದೂ ಕಾಣಿಕೇನ.”

“ಅದನ್ನ ಮಾಡಾಕತ್ತೇನಿ. ನಿಮ್ಮ ಹೆಸರ್ಲೆನ.”

ಎಲ್ಲರೂ ನಕ್ಕರು. ಬಾಳವ್ವ ನಗಲಿಲ್ಲ, ಕೂರಲೂ ಇಲ್ಲ. ಕೊನೆಗೆ ಪಾಸ್ಟರ್, ಒಂದು ತಿಂಗಳು ಬಿಟ್ಟು ಕೈ ಎತ್ತಿಸಿ ನಿರ್ಧರಿಸೋಣ, ಅಷ್ಟರೊಳಗೆ ಯಾರಾದರೂ ಸರಿಯಾದ ಲೆಕ್ಕ ಬರೆದು ತರಲಿ ಅಂದರು. ತಾತ್ಯಾಸಾಹೇಬರು ನನ್ನ ಕಡೆ ಕೈ ತೋರಿಸಿದರು. “ಸಲೋಮಿ ಬರೀಲಿ. ಬಿ.ಕಾಂ. ಆಗ್ಯಾಳ. ಮಾತಾಡೂ ಪೈಕಿ ಅಲ್ಲ, ಬರಿಯೂ ಪೈಕಿ.”

ಬರೆಯುವುದು ಕಷ್ಟವಾಗಲಿಲ್ಲ. ತಪ್ಪದೆ ಡಬ್ಬಿ ತುಂಬಿ ತರುವವರು ಈಗ ಕೆಲವೇ ಮನೆಯವರು, ತಿಂಗಳಿಗೆ ಸರಾಸರಿ ಮೂವತ್ತೆಂಟು ಕಿಲೋ. ಗುರುಸಿದ್ಧಪ್ಪನವರು ಕೊಡುವುದು ಕಿಲೋಗೆ ಇಪ್ಪತ್ತೈದು. ಒಂಬೈನೂರ ಐವತ್ತು ರೂಪಾಯಿ, ಅದರಲ್ಲಿ ರಿಕ್ಷಾದ ಎಂಬತ್ತು ಕಳೆಯಬೇಕು. ಅರವತ್ತೊಂದು ಮನೆಗಳು ಐವತ್ತರಂತೆ ಒತ್ತಿದರೆ ಮೂರು ಸಾವಿರದ ಐವತ್ತು. ಖಜಾಂಚಿಯ ಮಾತೇ ಸರಿ. ಬಾಳವ್ವನ ಮುಖ ನೆನಪಾಗುತ್ತಿತ್ತು, ಆದರೆ ಮುಖವನ್ನು ಯಾವ ಕಾಲಮಿನಲ್ಲಿ ಬರೆಯುವುದು ಎಂದು ನನಗೆ ತಿಳಿಯಲಿಲ್ಲ.

ಒಂದು ಪ್ರಶ್ನೆ ಮಾತ್ರ ಮೂರು ದಿನ ಡೈರಿಯಲ್ಲಿ ಉಳಿಯಿತು. ಅಕ್ಕಿ, ಗೋಧಿ, ಜೋಳ ಕಲಸಿದ್ದನ್ನು ಕುದಿಸಲು ಬರುವುದಿಲ್ಲ, ಬೀಸಲೂ ಬರುವುದಿಲ್ಲ. ಕೋಳಿಗೆ ಹಾಕುವುದಾದರೆ ಕಿಲೋಗೆ ಇಪ್ಪತ್ತೈದು ಯಾರು ಕೊಡುತ್ತಾರೆ? ಗುರುಸಿದ್ಧಪ್ಪನವರು ನಮ್ಮ ಸಭೆಯವರಲ್ಲ, ಲಿಂಗಾಯತರು. ನಾಲ್ಕು ತಲೆಮಾರಿನ ವ್ಯಾಪಾರ. ವ್ಯಾಪಾರಿ ಸುಮ್ಮನೆ ನಷ್ಟ ಮಾಡಿಕೊಳ್ಳುವುದಿಲ್ಲ.

ನಾಲ್ಕನೆಯ ದಿನ ಅಂಗಡಿಯ ಮುಂದೆ ಎರಡು ಸಲ ಹಾದುಹೋದೆ. ಮೂರನೆಯ ಸಲ ನಿಂತು ನೂರು ಗ್ರಾಂ ಜೀರಿಗೆ ಕೇಳಿದೆ. ಮನೆಯಲ್ಲಿ ಜೀರಿಗೆ ಇತ್ತು.

“ಜೀರಗಿ ಕಟ್ಟಿದೆ,” ಅಂದರು ಗುರುಸಿದ್ಧಪ್ಪನವರು. “ಖರೇ ಏನ ಬೇಕಾಗಿತ್ತು ಅದನ್ನ ಕೇಳವ್ವಾ. ನೀ ಅಡ್ಡಾಡೂದು ನೋಡಿ ವಸೂಲಿ ಮಂದಿ ಬಂದಾರೇನು ಅಂತ ಅಂಜಿದ್ದೆ.”

ನಾನು ಚರ್ಚಿನ ಗೋಣಿಯ ವಿಷಯ ಕೇಳಿದೆ. ಅವರು ಹೆಬ್ಬೆರಳಿನಿಂದ ಹಿಂದಿನ ಬಾಗಿಲು ತೋರಿಸಿದರು. “ಅದು ನನ್ನ ಧಂದಾ ಅಲ್ಲ, ನಮ್ಮ ಅವ್ವಂದು. ಹೋಗು, ಅಕೀನ್ನ ಕೇಳು.”

ಒಳಗೆ ಕಿಟಕಿಯ ಬೆಳಕಿನಲ್ಲಿ ನೀಲಗಂಗವ್ವ ಮೊರ ಹಿಡಿದು ಕೂತಿದ್ದರು. ಎಂಬತ್ತು ದಾಟಿದ ಮುದುಕಿ, ಹಣೆಯ ತುಂಬ ವಿಭೂತಿ. ಸುತ್ತಲೂ ಆರು ಬುಟ್ಟಿ. ಮೊರವನ್ನು ಒಮ್ಮೆ ಆಡಿಸಿದರೆ ಜೋಳ ಒಂದು ಕಡೆ, ಅಕ್ಕಿ ಒಂದು ಕಡೆ ಸರಿಯುತ್ತಿತ್ತು. ಉಳಿದದ್ದನ್ನು ಬೆರಳಿನಿಂದ ಆರಿಸುತ್ತಿದ್ದರು.

“ಕುಂದ್ರು. ಇಡೀ ತಿಂಗಳ ಹಸನ ಮಾಡತೇನಿ. ನನಗ ಟೀವಿ ಸೇರೂದಿಲ್ಲ.”

“ಅಜ್ಜಿ, ಇದರಾಗ ನಿಮಗ ಲುಕ್ಸಾನ ಆಗೂದಿಲ್ಲೇನ್ರಿ?”

“ಎದರ ಲುಕ್ಸಾನ? ಇಪ್ಪತ್ತೈದಕ್ಕ ತೊಗೊಂಡು, ಹಸನಾದ ಮ್ಯಾಲೆ ನಲವತ್ತಕ್ಕ, ಐವತ್ತಕ್ಕ ಮಾರತಾನ. ಧರ್ಮಕ್ಕ ತೊಗೋತಾನ ಅಂತ ತಿಳದಿದ್ದೆ ಏನ? ನನಗೂ ಕೂಲಿ ಕೊಡತಾನ, ಕಿಲೋಕ್ಕ ಐದು. ಮಗಾ ಆದ್ರೇನಾತು, ನಾ ಬಿಡೂದಿಲ್ಲ.” ಮೊರ ನಿಲ್ಲಿಸಿ ನನ್ನನ್ನು ನೋಡಿದರು. “ನಿಮ್ಮ ಮಂದಿ ದೇವರ ಪಾಲಿಗೆ ಹುಳಾ ಹಿಡದ ಕಾಳ ಹಾಕೂದಿಲ್ಲ. ಅದಕ್ಕ ಇದು ನಡೀತೈತಿ.”

ಒಂದು ಬುಟ್ಟಿಯಿಂದ ಹಿಡಿಯಷ್ಟು ಜೋಳ ತೆಗೆದು ನನ್ನ ಅಂಗೈಗೆ ಸುರಿದರು. “ಮಾಲದಂಡಿ. ನೋಡು, ಒಂದ ಹಳ್ಳಿಲ್ಲ, ಕಲ್ಲಿಲ್ಲ, ಹೊಟ್ಟಿಲ್ಲ. ಯಾರೋ ಒಬ್ಬಾಕಿ ಹಸನ ಮಾಡಿ, ಬಿಸಿಲಿಗೆ ಹಾಕೇ ಕೊಡತಾಳ. ನನ್ನ ಕೂಲಿ ಮ್ಯಾಲೆ ಕಲ್ಲ ಹಾಕ್ಯಾಳ ಮಾರಾಯ್ತಿ.”

ಮಾಲದಂಡಿ ಜೋಳ ತರುವವಳು ನಮ್ಮಲ್ಲಿ ಬಾಳವ್ವ ಒಬ್ಬಳೇ. ಹಳೆಯ ಕುಪ್ಪಸದ ಬಟ್ಟೆಯ ಚೀಲದಲ್ಲಿ ತರುತ್ತಾಳೆ.

“ಮತ್ತ ಇದು ನೋಡು,” ಎಂದು ಇನ್ನೊಂದು ಬುಟ್ಟಿ ಎಳೆದರು. ದಪ್ಪ ಅಕ್ಕಿ, ನಡುನಡುವೆ ಸುಣ್ಣದಷ್ಟು ಬಿಳಿಯ ಕಾಳು. “ಪ್ಲಾಸ್ಟಿಕ್ ಅಕ್ಕಿ.”

“ಪ್ಲಾಸ್ಟಿಕ್ ಅಲ್ಲರಿ ಅಜ್ಜಿ. ರೇಷನ್ ಅಕ್ಕಿ. ಆ ಬಿಳಿ ಕಾಳಿನ್ಯಾಗ ಔಷಧ ಇರತೈತಿ, ರಕ್ತಕ್ಕ ಚಲೋ.”

“ಇರ್ಲಿ. ರೇಷನ್ ಅಕ್ಕಿ ಉಣ್ಣೂ ಮಂದಿ ರೇಷನ್ ಅಕ್ಕಿ ಹಾಕಿದ್ರ ತಪ್ಪಿಲ್ಲ. ತಾವು ಉಂಡದ್ದ ದೇವರಿಗೆ. ಆದ್ರ ಇದು ಹಂಗಲ್ಲ. ಗೋಣ್ಯಾಗ ಇದು ಬಿದ್ದ ಜಾಗಾದಾಗನ ಇದರ ಸಂಗಾಟ ಒಂದೊಂದು ಇಂದ್ರಾಯಣಿ ಅಕ್ಕಿ ಕಾಳ ಬರತಿದ್ದುವು, ತುಟ್ಟಿ ಅಕ್ಕಿ, ಡಬ್ಬಿ ತಳದಾಗ ಉಳದದ್ದು. ಅಂದ್ರ ಮದಲ ಇಂದ್ರಾಯಣಿ ಹಾಕತಿದ್ರು. ಜೂನದಾಗ ಬದಲ ಮಾಡ್ಯಾರ. ತಿಂಗಳಿಗೆ ಮೂರ ಕಿಲೋ. ತಾವು ಉಣ್ಣೂದು ಬ್ಯಾರೆ, ದೇವರಿಗೆ ಬ್ಯಾರೆ ಮಾಡ್ಯಾರ.” ನಕ್ಕರು. “ಯಾರೋ ಲೆಕ್ಕದಾಗ ಶಾಣ್ಯಾ ಇದ್ದಾರ.”

ಅಂಗೈಯಲ್ಲಿದ್ದ ಜೋಳವನ್ನು ಅದರ ಬುಟ್ಟಿಗೆ ಸುರಿದೆ. ಆ ಶಾಣ್ಯಾ ನಾನೇ.

ಜೂನಿನಲ್ಲಿ ಕುಪವಾಡ ಎಂಐಡಿಸಿಯ ಕಾರ್ಖಾನೆಯಲ್ಲಿ ಅಪ್ಪನ ಓವರ್‌ಟೈಮ್ ನಿಂತಿತು. ಮನೆಯ ಖರ್ಚನ್ನು ನಾನು ನೋಡಿಕೊಳ್ಳುತ್ತೇನೆಂದು ಅವ್ವನ ಕೈಯಿಂದ ತೆಗೆದುಕೊಂಡೆ. ಖರ್ಚಿನ ಪುಸ್ತಕದಲ್ಲಿ ಮೊದಲ ಸಾಲು ಬರೆದೆ: ಕಾಣಿಕೆ ಮೊದಲು, ಉಳಿತಾಯ ಆಮೇಲೆ, ಉಳಿದದ್ದರಲ್ಲಿ ಜೀವನ. ಸಾಂಗ್ಲಿಯಲ್ಲಿ ಕೋಚಿಂಗಿನ ಫೀಸು ಕಟ್ಟಬೇಕಾದ್ದರಿಂದ ಉಳಿತಾಯ ಕಡಿಮೆ ಮಾಡುವಂತಿರಲಿಲ್ಲ. ಆ ತಿಂಗಳು ಮೂರು ತಿಂಗಳ ರೇಷನ್ ಒಮ್ಮೆಲೇ ಬಂದಿತ್ತು. ನಾವು ಉಣ್ಣುವುದು ಇಂದ್ರಾಯಣಿ, ಕಿಲೋಗೆ ಅರವತ್ತು. ಮುಷ್ಟಿಗೆ ತಿಂಗಳಿಗೆ ಮೂರು ಕಿಲೋ ಹೋಗುತ್ತದೆ, ಅಂದರೆ ನೂರ ಎಂಬತ್ತು ರೂಪಾಯಿ. ರೇಷನ್ ಅಕ್ಕಿಯನ್ನು ಒಂದು ಬೇರೆ ಡಬ್ಬಿಗೆ ತುಂಬಿ ಅವ್ವನಿಗೆ ಹೇಳಿದ್ದೆ: “ಮುಷ್ಟಿ ಇದರಾಗಿಂದ ಹಾಕು.” ಅವ್ವ “ಹೂಂ” ಅಂದಿದ್ದಳು. ಆ ದಿನ ಪುಸ್ತಕದಲ್ಲಿ ‘ಉಳಿತಾಯ ೧೮೦’ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೆ. ಕಾಣಿಕೆ ಮೊದಲು ಎಂಬ ಸಾಲು ಅದರ ಮೇಲೆಯೇ ಇತ್ತು.

ಸೆಪ್ಟೆಂಬರಿನ ಮೊದಲ ರವಿವಾರ ಪಾಸ್ಟರ್ ನನ್ನನ್ನು ಮುಂದೆ ಕರೆದರು. ಕಾಗದ ಓದಿದೆ. ಮೂವತ್ತೆಂಟು ಕಿಲೋ, ಇಪ್ಪತ್ತೈದು, ಒಂಬೈನೂರ ಐವತ್ತು.

“ಜೋರ್ಲೆ ಓದವಾ,” ಅಂದರು ತಾತ್ಯಾಸಾಹೇಬರು. “ನಿನ್ನ ಮಾತು ಮೈಕಿಗೂ ಕೇಳವಲ್ದು.”

ಮೂರು ಸಾವಿರದ ಐವತ್ತು ಎಂದು ಓದಿದಾಗ ಅವರು ತಲೆಯಾಡಿಸಿದರು. ಕಾಗದ ಅಲ್ಲಿಗೆ ಮುಗಿದಿತ್ತು. ಬಾಳವ್ವ ಕಂಬದ ಹತ್ತಿರ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮುಂದಿನದು ಕಾಗದದಲ್ಲಿ ಇರಲಿಲ್ಲ.

“ಆ ಕಾಳನ್ನ ಒಬ್ಬ ಅಜ್ಜಿ ಹಸನ ಮಾಡತಾರ,” ಅಂದೆ. “ನಮ್ಮ ಮಂದಿ ಕೆಟ್ಟ ಕಾಳ ಹಾಕೂದಿಲ್ಲ ಅಂತ ನಂಬಿ ಅಂಗಡಿಯವರು ತೊಗೋತಾರ. ನಮ್ಮೊಳಗ ಒಬ್ಬರ ಜೋಳ ಹಸನಾಗೇ ಬರತೈತಿ, ಒಂದ ಹಳ್ಳ ಇರೂದಿಲ್ಲಂತ. ಒಂದ ಮನಿ ಮಾತ್ರ ತಾವು ಇಂದ್ರಾಯಣಿ ಉಂಡು ಡಬ್ಬಿಗೆ ರೇಷನ್ ಅಕ್ಕಿ ಹಾಕತೈತಿ. ಜೂನದಿಂದ.” ಕಾಗದ ಮಡಚಿದೆ. “ಆ ಮನಿ ನಮ್ಮದು. ನಾನ ಹೇಳಿ ಹಾಕಿಸೇನಿ.”

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸಿದ್ದು ಕಂಡಿತು. ಅಳುತ್ತಿದ್ದಾಳೆ ಅಂದುಕೊಂಡೆ.

ತಾತ್ಯಾಸಾಹೇಬರು ಮೆಲ್ಲನೆ ಎದ್ದರು. ಸಿಟ್ಟಾಗಿರಲಿಲ್ಲ. “ಇದಕ್ಕ ನಾ ಹೇಳೂದು ಸಲೋಮಿ. ರೊಕ್ಕ ಆದ್ರ ಈ ತ್ರಾಸ ಇಲ್ಲ. ರೊಕ್ಕದಾಗ ಚಲೋದು, ಕೆಟ್ಟದ್ದು ಅಂತ ಇರೂದಿಲ್ಲ.”

“ಇರತೈತ್ರಿ ಕಾಕಾ. ಕಾಣೂದಿಲ್ಲ ಅಷ್ಟ. ಐವತ್ತ ರೂಪಾಯಿ ಫೋನಿನ್ಯಾಗ ಒತ್ತಿದ್ರ ನಾ ಇವತ್ತಿಗೂ ಶಾಣ್ಯಾ ಅಂತನ ತಿಳಕೊಂಡಿರತಿದ್ದೆ.” ಇನ್ನೊಂದು ಮಾತು ಉಳಿದಿತ್ತು. “ಮತ್ತ ಬಾಳವ್ವಾಯಿ ಹೋದ ತಿಂಗಳ ಕೇಳಿದ್ರಲ್ಲ, ನಾ ಏನ ಕೊಡ್ಲಿ ಅಂತ. ಅದಕ್ಕ ನನ್ನ ಲೆಕ್ಕದಾಗ ಉತ್ತರ ಸಿಗಲಿಲ್ಲ.”

ಪಾಸ್ಟರ್ ಕೈ ಎತ್ತಲು ಹೇಳಿದರು. ಡಬ್ಬಿ ಇರಲಿ ಎಂದು ಎತ್ತಿದ ಕೈಗಳು ಮೂವತ್ತನಾಲ್ಕು, ಬೇಡ ಎಂದದ್ದು ಇಪ್ಪತ್ತೊಂದು. ಬಾಳವ್ವ ಎತ್ತಿದ ಕೈಯನ್ನು ಎಣಿಕೆ ಮುಗಿದ ಮೇಲೂ ಇಳಿಸಲಿಲ್ಲ. “ಇಳಸ್ರಿ ಬಾಳವ್ವಾ, ಎಣಿಸೇವಿ,” ಎಂದು ತಾತ್ಯಾಸಾಹೇಬರೇ ಹೇಳಬೇಕಾಯಿತು. ಕ್ಯೂಆರ್ ಕೋಡ್ ಕೂಡ ಬಾಗಿಲ ಪಕ್ಕ ಇರುತ್ತದೆ, ಬೇಕಾದವರು ಒತ್ತಲಿ ಎಂದಾಯಿತು. ಬಾಳವ್ವ ಹೊರಗೆ ಹೋಗುವಾಗ ನನ್ನ ಮುಂದೆ ನಿಂತು, “ಆ ಅಜ್ಜಿ ಖರೇನ ಹಳ್ಳ ಇರೂದಿಲ್ಲ ಅಂತ ಹೇಳಿದ್ರೇನ?” ಎಂದು ಎರಡು ಸಲ ಕೇಳಿದಳು.

ಮನೆಗೆ ನಡೆಯುವಾಗ ಅವ್ವ ಸ್ಟೇಷನ್ ಚೌಕ ದಾಟುವವರೆಗೂ ಬಾಯಿಂದ ಸೆರಗು ತೆಗೆಯಲಿಲ್ಲ. ಆಮೇಲೆ ರಸ್ತೆಯ ಬದಿಗೆ ನಿಂತು ಜೋರಾಗಿ ನಗತೊಡಗಿದಳು.

“ಹುಚ್ಚಿ. ನಾ ಯಾವಾಗ ಆ ಅಕ್ಕಿ ದೇವರಿಗೆ ಹಾಕೇನಿ?”

“ಹೂಂ ಅಂದಿದ್ದೆಲ್ಲ?”

“ಹೂಂ ಅಂದೆ. ಹಾಕತೇನಿ ಅಂದೆ ಏನ? ಇಂದ್ರಾಯಣಿಯೊಳಗಿಂದನ ಮುಷ್ಟಿ ತಗದೆ. ರೇಷನ್ ಅಕ್ಕಿ ನಾವ ಉಂಡಿವಿ, ದಿನಾ ಒಂದೊಂದು ಮುಷ್ಟಿ ಅನ್ನದಾಗ ಕೂಡಿಸಿದೆ. ನೀ ಒಂದ ದಿವಸ, ಇವತ್ತ ಅನ್ನ ಮೆತ್ತಗ ಚಲೋ ಆಗೈತಿ ಅಂತ ಎರಡನೇ ಸಲ ನೀಡಿಸಿಕೊಂಡಿ.”

ನಾನು ಲೆಕ್ಕ ಹಾಕಿದೆ. ಡಬ್ಬಿಗೆ ಮೂರು ಕಿಲೋ ಒಳ್ಳೆಯದು, ಹೊಟ್ಟೆಗೆ ಮೂರು ಕಿಲೋ ರೇಷನ್ನಿನದು. ಖರೀದಿಸಿದ ಅಕ್ಕಿ ಅಷ್ಟೇ.

“ಹಂಗಾದ್ರ ನೂರ ಎಂಬತ್ತು...”

“ಉಳದದ ಉಳೀತು. ನಿನ್ನ ಹಿಶೇಬ ಬರೋಬರ ಐತಿ. ಯಾರ ತಾಟಿಗೆ ಏನ ಬಿತ್ತು, ಅಷ್ಟ ನೀ ಬರಕೊಂಡಿಲ್ಲ.”

“ಮತ್ತ ಅಲ್ಲೇ ಎದ್ದ ಹೇಳಬೇಕಿತ್ತವ್ವಾ. ಎಲ್ಲಾರ ಮುಂದ ಮಾಡದ ತಪ್ಪು ಒಪ್ಪಿಕೊಂಡೆ.”

“ಹಾಕಸಬೇಕು ಅಂತ ಮನಸ ಮಾಡಿದ್ದಿ ಹೌದಲ್ಲ? ಅಷ್ಟರ ಮಟ್ಟಿಗೆ ನಿಂದ ಐತಿ.” ಅವ್ವ ಮತ್ತೆ ನಡೆಯತೊಡಗಿದಳು. “ಖರೇ ಹಾಕಿದವರೂ ಅಲ್ಲೇ ಕೂತಿದ್ರು. ನಾ ಎದ್ದ ಅಲ್ಲ ಅಂದಿದ್ರ, ಎಲ್ಲಾರೂ ಅವರನ್ನ ಹುಡಕತಿದ್ರು. ಸುಮ್ಮನಿರು. ತಿದ್ದಾಕ ಹೋಗಬ್ಯಾಡ.”

ಆ ಮನೆ ಯಾವುದು? ಆ ವಾರವಿಡೀ ನನ್ನ ತಲೆಯಲ್ಲಿ ಇದೇ. ಇಂದ್ರಾಯಣಿ ಉಣ್ಣುವ, ರೇಷನ್ ಕಾರ್ಡು ಇರುವ ಮನೆಗಳನ್ನು ಒಂದು ಹಾಳೆಯಲ್ಲಿ ಬರೆದೆ. ಒಂಬತ್ತು ಹೆಸರಾದವು. ಮುಂದಿನ ತಿಂಗಳು ಪ್ರತಿಯೊಂದು ಚೀಲವನ್ನೂ ಗೋಣಿಗೆ ಸುರಿಯುವಾಗ ನೋಡಿಕೊಂಡರೆ ಸಾಕಿತ್ತು. ಸುರಿಯುವ ಕೆಲಸ ಈಗ ನನ್ನದೇ ಆಗಿತ್ತು. ಅಕ್ಟೋಬರಿನ ಮೊದಲ ರವಿವಾರ ಚೀಲಗಳನ್ನು ಬಿಚ್ಚಿದೆ. ಕೈ ಸುರಿಯುತ್ತಿತ್ತು, ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಚೀಲದೊಳಗೆ ನೋಡದಿರುವುದು ಬಹಳ ಕಷ್ಟವಾಯಿತು.

ಎಂಟು ದಿನ ಬಿಟ್ಟು ಅಂಗಡಿಗೆ ಹೋದಾಗ ನೀಲಗಂಗವ್ವ ಮೊರದಿಂದ ತಲೆ ಎತ್ತದೆ ಹೇಳಿದರು: “ಈ ಸಲ ಪ್ಲಾಸ್ಟಿಕ್ ಇಲ್ಲ. ಆ ಮೂರ ಕಿಲೋದ ಬದಲಿ ಹೊಸಾ ಇಂದ್ರಾಯಣಿ ನಾಕ ಕಿಲೋ ಬಂದೈತಿ. ನಿಮ್ಮ ಮನೀದೇನ?”

“ಅಲ್ಲರಿ.”

“ಮತ್ತ ಯಾರದು?”

“ಗೊತ್ತಿಲ್ಲರಿ ಅಜ್ಜಿ.”

“ಕೇಳಿದ್ರ ಗೊತ್ತಾಗತೈತಲ್ಲ. ಇಷ್ಟೆಲ್ಲಾ ಕೇಳೂ ಹುಡಿಗಿ, ಇದೊಂದ ಕೇಳಾಕ ಏನಾಗೇತಿ?”

ನಾನು ಮೊರದ ಅಂಚಿಗೆ ಬಂದ ಒಂದು ಜೋಳದ ಕಾಳನ್ನು ಅದರ ಬುಟ್ಟಿಗೆ ಹಾಕಿ, ಎಲ್ಲ ಸೇರಿ ಎಷ್ಟು ಕಿಲೋ ಆಯಿತು ಎಂದು ಮಾತ್ರ ಕೇಳಿದೆ.